ಅತ್ತೆಯ ಹೆಬ್ಬೆರಳು

ಲವಂಗದೆಣ್ಣೆಯ ಘಾಟು ಮೂಗಿಗೆ ಬಡಿಯಿತು, ಶೀಶೆಯ ಮುಚ್ಚಳ ತೆಗೆದರು ಅಂತಾಯಿತು, ಇನ್ನು ಅತ್ತೆ ಬಿಡುವುದಿಲ್ಲ, ಬೋರಲು ಮಲಗಿದ್ದೇನೆ, ಚಾಪೆಯ ಹೆಣಿಗೆ ಕೆನ್ನೆಗೆ ಒತ್ತುತ್ತಿದೆ, ಸುತ್ತಿಕೊಂಡ ಬಾತಿಕ್ ಬಟ್ಟೆಯನ್ನು ಮಂಡಿಯ ಮೇಲಕ್ಕೆ ಸರಿಸಿದರು — ಯಾ ಅಲ್ಲಾ, ಇದೇನೇ ಸುಲಸ್ಮಿ, ಒಂದೇ ಕಾಲು ಹೀಗೆ ಊದ್ಕೊಂಡಿದೆ, ಗಾಳಿ ಹೊಕ್ಕಿದೆ ಕಣೇ, ಇಡೀ ದಿನ ಆ ಮಣೆ ಮೇಲೆ ಕಾಲು ಮಡಚ್ಕೊಂಡು ಬಾತಿಕ್ ಬಟ್ಟೆಗೆ ಮೇಣದ ಚಿತ್ತಾರ ಬಿಡ್ತಾ ಕೂತ್ರೆ ಇನ್ನೇನಾಗುತ್ತೆ, ಮೊದ್ಲು ತೀಡ್ತೀನಿ, ಆಮೇಲೆ ನಾಣ್ಯದಲ್ಲಿ ಕೆರೀತೀನಿ, ಕೆಂಪು ಗೆರೆ ಎದ್ದು ಗಾಳಿ ಹೊರಗೆ ಹೋಯ್ತು ಅಂದ್ರೆ ಸಂಜೆಗೆ ಕುಣೀತೀಯ — ಹೂಂ ಇಬು, ಅಂದೆ, ನಾನಲ್ಲ, ಬಾಯಿ ತಾನಾಗಿ ಅಂದಿತು, ಈ ಮನೆಗೆ ಸೊಸೆಯಾಗಿ ಬಂದು ಅತ್ತೆಯನ್ನು ಇಬು, ಅಮ್ಮ, ಅನ್ನತೊಡಗಿದಾಗಿನಿಂದ ಈ ಬಾಯಿಗೆ ಅದೊಂದೇ ರೂಢಿ, ಹೆಬ್ಬೆರಳು ಹಿಮ್ಮಡಿಯ ಮೇಲೆ ಕೂತಿತು, ಬೆಚ್ಚಗಿದೆ, ಎಣ್ಣೆ ಜಾರುತ್ತಿದೆ, ಇನ್ನೂ ಮೀನಖಂಡಕ್ಕೆ ಬಂದಿಲ್ಲ, ಅಲ್ಲಿಗೆ ಬರುವುದರೊಳಗೆ ನಾನು ಹೇಳಬೇಕು, ಇಲ್ಲ ಅವನಾದರೂ ಹೇಳಬೇಕು, ಬಾಗಿಲಾಚೆ ಜಗಲಿಯಲ್ಲಿ ಪರ್ಮಾದಿ, ನನ್ನ ಗಂಡ, ಪಂಜರದ ಬೆಳವಕ್ಕಿಗೆ ಶಿಳ್ಳೆ ಹೊಡೆದು ಹಾಡು ಕಲಿಸುತ್ತಿದ್ದಾನೆ, ಅವನಿಗೆ ಎಲ್ಲ ಗೊತ್ತು.

ನಾನು ಮಕ್ಕಳಾಗದ ಮಾತ್ರೆ ತಗೊಳ್ಳುತ್ತಿರುವುದು ಗೊತ್ತು, ಮೇಣದ ಗಟ್ಟಿಗಳ ಬುಟ್ಟಿಯ ತಳದಲ್ಲಿ ಬಚ್ಚಿಟ್ಟಿರುವುದೂ ಗೊತ್ತು, ಅತ್ತೆಗೆ ಮಾತ್ರ ಗೊತ್ತಿಲ್ಲ, ಪಾಪ, ದಿನಾ ಬೆಳಿಗ್ಗೆ ಅರಿಶಿನ, ಹುಣಸೆ ಕುದಿಸಿ ಕಷಾಯ ಮಾಡಿ ತಂದುಕೊಡುತ್ತಾರೆ, ಕುಡಿ ಮಗಳೇ, ಹೊಟ್ಟೆ ಬೆಚ್ಚಗಾಗುತ್ತೆ, ಈ ಸಲ ಗಂಡಾಗ್ಲಿ, ನಾನು ಅವರ ಬೆನ್ನು ತಿರುಗುವವರೆಗೆ ಕಾದು ಅದೇ ಕಷಾಯದಲ್ಲಿ ಮಾತ್ರೆ ನುಂಗುತ್ತೇನೆ, ಮೊದಮೊದಲು ನಗು ಬರುತ್ತಿತ್ತು, ಈಗ ಬರುವುದಿಲ್ಲ, ಪರ್ಮಾದಿ ಫೋನಿನಲ್ಲಿ ಏನೋ ಓದಿಕೊಂಡು ಬಂದು, ದಿಕ್, ಅಂದ, ಅವನಿಗೆ ನಾನು ದಿಕ್, ನನಗೆ ಅವನು ಮಾಸ್, ನಮ್ಮ ಕಡೆ ಗಂಡ ಹೆಂಡತಿ ಕರೆಯುವುದೇ ಹಾಗೆ, ಅದನ್ನ ಬಿಟ್ಬಿಡು, ಒಳಗೆ ರಕ್ತ ಹೆಪ್ಪುಗಟ್ಟುತ್ತಂತೆ ಅಂದ, ಬಿಟ್ಟರೆ ನೀವೇನು ಮಾಡ್ತೀರಿ ಮಾಸ್ ಅಂದೆ, ನಾನು ಹುಷಾರಾಗಿರ್ತೀನಿ ಅಂದ, ಆಹಾ, ಆ ಹುಷಾರಿಗೆ ಹುಟ್ಟಿದವಳೇ ಲಾರಸ್, ಹಿತ್ತಲಲ್ಲಿ ಬಾಯ್ತುಂಬ ಮಾವಿನಕಾಯಿ ತುಂಬಿಕೊಂಡು ಕೂತಿದ್ದಾಳಲ್ಲ, ಅವಳನ್ನು ಹೆತ್ತಾಗ ನನ್ನ ರಕ್ತ ಹರಿದದ್ದು ನೋಡಿ ಈ ಹುಷಾರಿನ ಮನುಷ್ಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ, ಹಾಗಾದರೆ ನೀವು ಹಾಕ್ಕೊಳ್ಳೋ ರಬ್ಬರಿನದನ್ನ ತಂದುಕೊಳ್ಳಿ ಅಂದೆ, ಅಂಗಡೀಲಿ ದೊಡ್ಡಪ್ಪನ ಮಗ ಕೂತಿರ್ತಾನೆ, ಅವನ ಹತ್ರ ನಾನು ಅದನ್ನ ಕೇಳೋದಾ, ಸಂಜೆಯೊಳಗೆ ಹಕ್ಕಿ ಹಾಡಿಸೋ ಸ್ಪರ್ಧೆಯವರೆಲ್ಲ ನನ್ನ ನೋಡಿ ಕಿಸಿಕಿಸಿ ನಗ್ತಾರೆ, ಅಂದ, ಅವನಿಗೆ ನಗುವಿನ ಭಯ, ನನಗೆ ರಕ್ತದ ಭಯ, ಎರಡೂ ಒಂದೇ ತೂಕ ಅನ್ನುವ ಹಾಗೆ ಮಾತಾಡಿದ, ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ — ನೋವಾಗ್ತಿದೆಯಾ ಮಗಳೇ, ಇಲ್ಲ ಇಬು, ಹೆಬ್ಬೆರಳು ಮೇಲಕ್ಕೆ ಬರುತ್ತಿದೆ.

ಆರೋಗ್ಯ ಕೇಂದ್ರದ ನರ್ಸಮ್ಮ, ಬು ಹಾರ್ತಿನಿ, ಮಾತ್ರೆ ಕೊಡುವ ಮೊದಲು ಎಲ್ಲ ಕೇಳಿದ್ದರು, ಬೀಡಿ ಸಿಗರೇಟು ಸೇದ್ತೀಯಾ, ತಲೆನೋವು ಬಂದಾಗ ಕಣ್ಮುಂದೆ ಬೆಳಕು ಕುಣಿಯುತ್ತಾ, ಮನೇಲಿ ಯಾರಿಗಾದ್ರೂ ರಕ್ತ ಹೆಪ್ಪುಗಟ್ಟಿದ್ದು ಉಂಟಾ, ಇಲ್ಲ ಅಂದೆ, ಸುಳ್ಳಲ್ಲ, ನಮ್ಮ ಮನೆಯಲ್ಲಿ ಯಾರಿಗೂ ಹಾಗಾಗಿದ್ದು ನಾನು ಕೇಳಿಲ್ಲ, ನಮ್ಮಮ್ಮ ಹೋಗಿದ್ದು ಕೂತ ಗಾಳಿಯಿಂದ, ಎದೆಯಲ್ಲಿ ಗಾಳಿ ಕೂತುಬಿಟ್ಟರೆ ಮನುಷ್ಯ ನಿಂತಲ್ಲೇ ಹೋಗುತ್ತಾನೆ ಎನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು, ಊರೆಲ್ಲ ಅದನ್ನೇ ಅಂದರು, ಅಪ್ಪನೂ ಅದನ್ನೇ ಅಂದ, ನರ್ಸಮ್ಮ ಕೇಳಿದ್ದು ರಕ್ತದ ಬಗ್ಗೆ, ಗಾಳಿಯ ಬಗ್ಗೆ ಕೇಳಲಿಲ್ಲವಲ್ಲ, ಮಾತ್ರೆ ಕೈಗಿಡುತ್ತ ಅವರು, ನೋಡು ಸುಲಸ್ಮಿ, ಮಾತ್ರೆಯಿಂದ ರಕ್ತ ಹೆಪ್ಪುಗಟ್ಟೋದು ಬಹಳ ಅಪರೂಪ, ಬಸುರಿ ಬಾಣಂತಿಯರಿಗೆ ಆಗೋ ಸಂಭವ ಇದಕ್ಕಿಂತ ಹೆಚ್ಚು, ಆದ್ರೂ ಒಂದೇ ಕಾಲು ಊದಿ ನೋವು ಬಂದ್ರೆ ತಿಕ್ಕಬೇಡ, ತೀಡಿಸಬೇಡ, ನೇರ ಇಲ್ಲಿಗೆ ಬಾ ಅಂದಿದ್ದರು, ಒಂದೇ ಕಾಲು, ನಂದೂ ಒಂದೇ ಕಾಲು, ಇಲ್ಲ, ಇದು ಮಣೆಯ ಮೇಲೆ ಕೂತು ಕೂತು ಬಂದದ್ದು, ಪಕ್ಕದಲ್ಲಿ ಮೇಣ ಬಿಡುವ ತುಮಿನಿಗೂ ಕಾಲು ನೋಯುತ್ತದೆ, ಅವಳಿಗೆ ಎರಡೂ ನೋಯುತ್ತದೆ, ಎರಡೂ — ಈ ಗಂಟು ನೋಡು, ಇಲ್ಲೇ ಕೂತಿದೆ ಗಾಳಿ, ಇದನ್ನ ಮೇಲಕ್ಕೆ ತಳ್ಳಬೇಕು, ಅಯ್ಯೋ, ಅದೇ ಮಾತು, ಇದೇ ಮಾತನ್ನು ನಾನು ಮೊದಲು ಕೇಳಿದ್ದೇನೆ.

ತಮ್ಮ ಹುಟ್ಟಿದ ಮೇಲೆ, ಅಮ್ಮ ಬಾಣಂತಿ, ತೀಡುವ ಮುದುಕಿ ದಿನಾ ಬರುತ್ತಿದ್ದಳು, ನಾನು ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಕೂರುತ್ತಿದ್ದೆ, ಅಮ್ಮನ ಬಲಗಾಲು ಬಿಗಿದು ಮಿರಿಮಿರಿ ಮಿಂಚುತ್ತಿತ್ತು, ಎಡಗಾಲು ಬಡಕಲು, ಮುದುಕಿ ಹೆಬ್ಬೆರಳು ಊರಿ ಗಾಳಿಯನ್ನ ಮೇಲಕ್ಕೆ ತಳ್ಳಬೇಕು ಅಂದಳು, ಬೆರಳು ತೆಗೆದರೆ ಅಲ್ಲೊಂದು ಕುಳಿ, ಕಲಸಿಟ್ಟ ಹಿಟ್ಟಿನಲ್ಲಿ ಬೆರಳೂರಿದ ಹಾಗೆ, ತುಂಬಿಕೊಳ್ಳಲಿಲ್ಲ, ನಾನು ನೋಡುತ್ತಲೇ ಇದ್ದೆ, ಅಮ್ಮಾ ಇದು ಯಾಕೆ ಹೋಗ್ತಿಲ್ಲ ಅಂದೆ, ಹೋಗುತ್ತೆ ಬಿಡೇ, ಈಗ ಹಗುರಾಯ್ತು ಅಂತ ಎದ್ದಳು, ಮಗುವನ್ನು ಎತ್ತಿಕೊಳ್ಳಲು ಬಗ್ಗಿದಳು, ಎದೆಯ ಮೇಲೆ ಕೈ ಇಟ್ಟುಕೊಂಡು ಏನೋ ಮರೆತವಳ ಹಾಗೆ ನನ್ನ ಕಡೆ ನೋಡಿದಳು, ಅಷ್ಟೇ, ಕೂತ ಗಾಳಿ ಅಂದರು — ಗಾಳಿಯಲ್ಲ, ಗಾಳಿಯಾಗಿರಲೇ ಇಲ್ಲ, ಕಾಲಿನಿಂದ ಎದೆಗೆ ಹತ್ತಿದ್ದು ರಕ್ತದ ಗಂಟು, ಇಷ್ಟು ವರ್ಷ ನಾನು ಗಾಳಿಯನ್ನು ಬೈದುಕೊಂಡು ಬಂದೆ, ಅಮ್ಮನಿಗೆ ಹೆತ್ತದ್ದರಿಂದ ಬಂತು, ನನಗೆ ಹೆರಬಾರದು ಅಂತ ತಗೊಂಡದ್ದರಿಂದ ಬಂತು, ಹೆತ್ತರೂ ನಾವೇ, ಹೆರದಿದ್ದರೂ ನಾವೇ, ಜಗಲಿಯಲ್ಲಿ ಶಿಳ್ಳೆ ನಿಂತಿದೆ, ಪರ್ಮಾದಿ ಬಾಗಿಲಿಗೆ ಬಂದು ನಿಂತ, ಅವನ ಕಾಲು ಕಾಣುತ್ತಿದೆ, ಒದ್ದೆ ಚಪ್ಪಲಿ, ಹೇಳಿ ಮಾಸ್, ಫೋನಿನಲ್ಲಿ ಓದಿದ್ದನ್ನು ಈಗ ಹೇಳಿ, ಇಬು, ಅಂದ, ಗಂಟಲು ಸರಿಮಾಡಿಕೊಂಡ, ಇಬು, ಸ್ವಲ್ಪ ಮೆಲ್ಲಗೆ ತೀಡಿ — ಮೆಲ್ಲಗೆ! ಇಷ್ಟೇನಾ, ಹೆಬ್ಬೆರಳು ಮೀನಖಂಡದ ನಡುವೆ ಊರಿತು, ನೋವು ಮಂಡಿಯ ಹಿಂದಕ್ಕೆ ಏರಿತು, ಇನ್ನೊಂದು ಸಲ ತಳ್ಳಿದರೆ ಮೇಲಕ್ಕೆ, ಅಮ್ಮನಿಗೆ ಹೋದಲ್ಲಿಗೆ, ಬಿಡಿ, ಅಂದೆ, ಬಿಡೀ ಇಬು, ಕೈ ತೆಗೀರಿ, ಕಾಲನ್ನು ಸರಕ್ಕನೆ ಎಳೆದುಕೊಂಡು ಹೊರಳಿ ಎದ್ದು ಕೂತೆ, ನಾನು ದಿನಾ ಬೆಳಿಗ್ಗೆ ಮಾತ್ರೆ ತಗೊಳ್ತಿದ್ದೀನಿ, ಮಕ್ಕಳಾಗದ ಮಾತ್ರೆ, ಅದರಿಂದ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ನಮ್ಮಮ್ಮನೂ ಇದರಲ್ಲೇ ಹೋಗಿದ್ದು, ಮಾಸ್‌ಗೆ ಎಲ್ಲ ಗೊತ್ತು.

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು, ಎಣ್ಣೆ ಮೊಣಕೈಗೆ ಇಳಿಯುತ್ತಿದೆ, ನನ್ನ ಕಷಾಯದ ಜೊತೇಲಾ, ಹೂಂ ಇಬು, ನಾನು ಮೊಮ್ಮಗನಿಗೆ ಅಂತ ಕಾಯಿಸಿದ್ದು, ಅದರಲ್ಲೇ ನುಂಗಿದೆಯಾ, ಹೂಂ ಇಬು, ಈಗ ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೇ ಚೆನ್ನಾಗಿತ್ತು, ಅವರು ನನ್ನ ಮುಖ ನೋಡಲಿಲ್ಲ, ತಮ್ಮ ಹೆಬ್ಬೆರಳನ್ನು ನೋಡಿಕೊಂಡರು, ನಿಮ್ಮಮ್ಮಂಗೂ ಒಂದೇ ಕಾಲಾ, ಹೂಂ, ತೀಡಿದ್ರಾ, ಹೂಂ, ಅವರ ಮುಖದ ಬಣ್ಣ ಇಳಿಯಿತು, ಪರ್ಮಾದೀ, ಹಲ್ಲು ಕಚ್ಕೊಂಡು ನಿಂತಿದೀಯಲ್ಲೋ ಕಂಬದ ಹಾಗೆ, ಗಾಡಿ ತೆಗೆಯೋ, ಅಲ್ಲ, ಗಾಡಿ ಬೇಡ, ಕುಲುಕುತ್ತೆ, ದೊಡ್ಡಪ್ಪನ ಮಗನ ವ್ಯಾನು ತರಿಸು, ಯಾಕೆ ಅಂತ ಕೇಳಿದ್ರೆ ಯಾಕೆ ಅಂತ ಹೇಳು, ನಾಚ್ಕೋಬೇಡ, ಅವನು ಓಡಿದ, ಚಪ್ಪಲಿ ಒಂದು ಇಲ್ಲೇ ಉಳಿಯಿತು, ಹಕ್ಕಿ ಒಬ್ಬಂಟಿಯಾಗಿ ಕೂಗುತ್ತಿದೆ, ಎದೆಯಲ್ಲಿ ಏನಾದ್ರೂ ಆಗ್ತಿದೆಯಾ ಮಗಳೇ, ಇಲ್ಲ ಇಬು, ಉಸಿರು ಎಳೆದು ನೋಡಿದೆ, ಬರುತ್ತಿದೆ, ಇನ್ನೊಂದು ಎಳೆದೆ, ಬರುತ್ತಿದೆ, ಅತ್ತೆ ನನ್ನ ಭುಜ ಹಿಡಿದುಕೊಂಡಿದ್ದಾರೆ, ಕಾಲು ಮುಟ್ಟಲು ಹೆದರಿ ಭುಜ ಮಾತ್ರ, ಅಲುಗಾಡಬೇಡ, ಅಲುಗಾಡಬೇಡ, ವ್ಯಾನು ಬರುತ್ತೆ, ನಾನು ಅಲುಗಾಡುತ್ತಿಲ್ಲ, ಕಾಲನ್ನೇ ನೋಡುತ್ತಿದ್ದೇನೆ, ಎಣ್ಣೆ ಹೊಳೆಯುವ ಮೀನಖಂಡದ ಬದಿಯಲ್ಲಿ ಅವರ ಹೆಬ್ಬೆರಳು ಊರಿದ ಜಾಗ, ಸಣ್ಣ ಕುಳಿ, ತುಂಬಿಕೋ, ತುಂಬಿಕೋ, ಕಣ್ಣು ಮಿಟುಕಿಸಿ ನೋಡಿದೆ, ಕುಳಿ, ಹೊರಗೆ ಎಲ್ಲೋ ವ್ಯಾನಿನ ಸದ್ದು, ನಮ್ಮದೋ ಬೇರೆಯವರದೋ, ನೋಡುತ್ತಲೇ ಇದ್ದೇನೆ, ಕುಳಿ ಹಾಗೇ ಇದೆ