ಚೌಕಾಸಿಯ ಪಾಲು

ಕುಮಟಾದ ಮೀನು ಮಾರ್ಕೆಟ್ಟಿನಲ್ಲಿ ಮಾಸ್ತಮ್ಮನ ಬಾಯಿಗೆ ಹೆದರದ ಗಿರಾಕಿ ಒಬ್ಬರೇ, ಭಾಸ್ಕರ ಮಾಸ್ತರು. ಶಾಲೆಯಿಂದ ನಿವೃತ್ತರಾದ ಮೇಲೆ ಬೈಯಲು ಮಕ್ಕಳಿಲ್ಲದೆ, ದಿನವೂ ಹತ್ತು ಗಂಟೆಗೆ ಬಂಗಡೆ ಮೀನನ್ನು ಬೈಯಲು ಬರುತ್ತಿದ್ದರು.

“ನೂರಕ್ಕೆ ಆರಾ? ಇದರ ಕಣ್ಣು ನೋಡು ಮಾಸ್ತಮ್ಮ, ಹೋದ ಸೋಮವಾರವೇ ತೀರ್ಕಂಡದ್ದು.”

“ನಿಮ್ಮ ಕಣ್ಣೂ ಹಾಂಗೇ ಅದೆ ಮಾಸ್ತರೇ. ನಿಮ್ಮನ್ನ ಮನೇಲಿ ಬ್ಯಾಡ ಅಂದ್ರಾ?”

ಮಾಸ್ತಮ್ಮನ ಸೊಸೆ ಸುಶ್ಮಿತಾ ಈ ಜಗಳವನ್ನು ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದ್ದೇ ತಡ, ಜನ ಮುಗಿಬಿದ್ದು ನೋಡಿದರು. ಅವಳು ಹಾಕುತ್ತಿದ್ದದ್ದು ಮೂರು ಕಡೆ. ಒಂದು ಕಡೆ ಜಾಹೀರಾತಿನ ದುಡ್ಡಿನಲ್ಲಿ ಪಾಲು ಕೊಡುತ್ತಿದ್ದರು. ಇನ್ನೊಂದು ಕಡೆ ಲೈವ್ ನೋಡುವವರು ದುಡ್ಡು ಕೊಟ್ಟು ಗುಲಾಬಿಯ ಚಿತ್ರ ಕಳಿಸುತ್ತಿದ್ದರು, ಅದನ್ನು ಆಮೇಲೆ ರೂಪಾಯಿ ಮಾಡಿಕೊಳ್ಳಬಹುದಿತ್ತು. ಮೂರನೆಯದರಲ್ಲಿ ಬರೀ ಲೈಕು. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ” ಎಂದು ಮಾಸ್ತಮ್ಮ ಅದರ ಆಸೆ ಬಿಟ್ಟಳು.

ಉಳಿದೆರಡರಿಂದ ಮೊದಲ ತಿಂಗಳೇ ನಾಲ್ಕು ಸಾವಿರದ ಇನ್ನೂರು ಬಂತು. ಇನ್ನೂ ಅಷ್ಟು ಬಂದರೆ ದೊಡ್ಡದೊಂದು ಐಸ್ ಪೆಟ್ಟಿಗೆ ಕೊಳ್ಳಬಹುದು. ಪೆಟ್ಟಿಗೆ ಇದ್ದರೆ ಸಂಜೆ ಉಳಿದ ಮೀನನ್ನು ಹೋಟೆಲಿನವರಿಗೆ ಅರ್ಧ ಬೆಲೆಗೆ ಸುರಿದು, ಹೊನ್ನಾವರದ ಬಸ್ಸಿನಲ್ಲಿ ಹೊಟ್ಟೆ ಉರಿಸಿಕೊಂಡು ಮನೆಗೆ ಹೋಗುವುದು ತಪ್ಪುತ್ತದೆ. ಇಪ್ಪತ್ತೆರಡು ವರ್ಷದ ಹೊಟ್ಟೆಯುರಿ ಅದು.

ಹೀಗಿರುವಾಗ ಒಂದು ದಿನ ಮಾಸ್ತರು ಬಂದರು, ನೂರರ ನೋಟು ಇಟ್ಟರು, ಆರು ಬಂಗಡೆ ಚೀಲಕ್ಕೆ ಹಾಕಿಕೊಂಡು ಸುಮ್ಮನೆ ಹೋದರು. ಮಾಸ್ತಮ್ಮ ಕಕ್ಕಾಬಿಕ್ಕಿಯಾದಳು. ಮರುದಿನ ಕೆಣಕಲೆಂದೇ “ನೂರಕ್ಕೆ ನಾಲ್ಕು” ಎಂದಳು. ಪುಣ್ಯಾತ್ಮ ನಾಲ್ಕನ್ನೇ ಒಯ್ದರು. ಆ ವಾರದ ವಿಡಿಯೋ ನೋಡಿದವರು ನಲವತ್ತು ಜನ, ಬಂದ ಗುಲಾಬಿ ಒಂದೇ ಒಂದು. ಅದೂ ಸುಶ್ಮಿತಾಳ ತವರಿನಿಂದ.

ಕಾರಣವನ್ನು ಸುಶ್ಮಿತಾಳೇ ಪತ್ತೆ ಮಾಡಿ ತಂದಳು. ಮಾಸ್ತರರ ಮಗಳು ದಿವ್ಯಶ್ರೀಯನ್ನು ಕೊಟ್ಟಿದ್ದು ಭಟ್ಕಳಕ್ಕೆ. ಅಲ್ಲಿ ಊಟದ ಪಂಕ್ತಿಯಲ್ಲಿ ಬೀಗರು ಎಲ್ಲರೆದುರು, “ಎರಡು ಬಂಗಡೆಗೆ ಆ ನಮೂನಿ ಕೂಗುವವರು ನೀವೇ ಅಲ್ದಾ?” ಎಂದು ನಕ್ಕಿದ್ದರಂತೆ. ಮಾಸ್ತರು ಅರ್ಧ ಊಟಕ್ಕೇ ಎದ್ದು ಬಂದರಂತೆ.

ಮಾಸ್ತಮ್ಮನಿಗೆ ತನ್ನ ತಪ್ಪು ಹೊಳೆಯಿತು. ಮಾಸ್ತರರನ್ನು ಒಂದು ಮಾತು ಕೇಳದೆ ಊರಿಗೆಲ್ಲ ತೋರಿಸಿದ್ದಾಯಿತು, ಬಂದ ದುಡ್ಡನ್ನು ಗಂಟು ಕಟ್ಟಿದ್ದೂ ಆಯಿತು. ಅವಳು ಹುಟ್ಟಿ ಬೆಳೆದ ದಡದಲ್ಲಿ ರಂಪಣಿ ಬಲೆಯನ್ನು ಎರಡೂ ಬದಿಯಿಂದ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಸಿಗುತ್ತಿತ್ತು, ದಾರಿಹೋಕನಾದರೂ ಸರಿ.

“ಆಚೆ ಬದಿ ಹಗ್ಗ ಹಿಡಿದವ್ರು ಯಾರೇ? ನಾನೊಬ್ಳೇ ಕೂಗಿದ್ರೆ ಮರುಳು ಅಂತಿದ್ರು” ಎಂದು ಐದು ನೂರರ ನೋಟು ಎಣಿಸಿದಳು.

“ಅತ್ತೆ, ಪೆಟ್ಟಿಗೆ ದುಡ್ಡು ಅದು!”

“ಪಾಲು ಕೊಡದೆ ತಂದ ಪೆಟ್ಟಿಗೇಲಿ ಮೀನು ಕೊಳೀತದೆ. ನಡಿ.”

ಮಾಸ್ತರು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಮಾಸ್ತಮ್ಮ ದುಡ್ಡನ್ನು ಅವರ ಮುಂದಿಟ್ಟಳು. “ನಿಮ್ಮನ್ನ ಕೇಳದೇ ಹಾಕಿದ್ದು ತಪ್ಪಾತು ಮಾಸ್ತರೇ. ಇದು ಆ ವಿಡಿಯೋದಲ್ಲಿ ನಿಮ್ಮ ಪಾಲು.”

ಮಾಸ್ತರು ಪೇಪರಿನ ಮೇಲಿಂದ ದುಡ್ಡನ್ನು ನೋಡಿದರು. “ಎಷ್ಟದೆ?”

“ಐನೂರು.”

“ಬಂದದ್ದೆಷ್ಟು?”

“ನಾಲ್ಕು ಸಾವಿರದ ಇನ್ನೂರು.”

ಮಾಸ್ತರು ಪೇಪರ್ ಮಡಚಿಟ್ಟರು. “ಐನೂರಾ? ಮೂವತ್ತು ವರ್ಷ ಲೆಕ್ಕ ಕಲಿಸಿದವ ನಾನು! ಸಾವಿರ ತೆಗಿ!”

“ಸಾವಿರವಾ! ಮೀನು ನಂದು, ಫೋನು ನನ್ನ ಸೊಸೇದು. ನೀವು ತಂದದ್ದು ಎಂತ? ಆ ತೂತು ಬಿದ್ದ ಚೀಲ!”

“ಒಂಬೈನೂರು!”

“ಆರ್ನೂರು. ಮೇಲೆ ಎರಡು ಬಂಗಡೆ.”

“ಯಾವುದು, ಆ ಸೋಮವಾರ ಸತ್ತದ್ದಾ?”

ಮಾಸ್ತಮ್ಮನಿಗೆ ಖುಷಿಯಿಂದ ಕಣ್ಣು ಒದ್ದೆಯಾಯಿತು. ಸುಶ್ಮಿತಾ ಫೋನು ಎತ್ತಿದವಳು, ಥಟ್ಟನೆ ನೆನಪಾಗಿ, “ಹಿಡೀಲಾ ಮಾಸ್ತರೇ?” ಎಂದಳು.

ಮಾಸ್ತರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ತಲೆ ನೇವರಿಸಿಕೊಂಡರು. “ಹತ್ತಿರದಿಂದ ಹಿಡಿ. ಇದು ಜಿಪುಣತನ ಅಲ್ಲ, ನನ್ನ ನೌಕರಿ ಅಂತ ಭಟ್ಕಳದವರಿಗೂ ತಿಳೀಲಿ.”

ಮಾಸ್ತಮ್ಮ ಸೆರಗು ಸಿಕ್ಕಿಸಿಕೊಂಡು ಮೊದಲಿನಿಂದ ಶುರು ಮಾಡಿದಳು. “ಐನೂರು.”