ಪೇಟಿ ಮಾಸ್ತರನ ಪರೀಕ್ಷೆ

“ಹೆಣ ಅದ, ಹೆಣ! ಜರಾ ದಾರಿ ಬಿಡ್ರೋ!”

ಡ್ರೈವರ್ ಅಂಜಪ್ಪ ಟ್ರಾಲಿ ಆಟೋದಿಂದ ಅರ್ಧ ಮೈ ಹೊರಗೆ ಚಾಚಿ ಕೂಗಿದ. ಜಹೀರಾಬಾದಿನ ಹೆದ್ದಾರಿಯ ಮೇಲೆ ಲಾರಿಗಳು ಸಾಲಾಗಿ ನಿಂತುಬಿಟ್ಟಿದ್ದವು. ತೆಲಂಗಾಣ ರಾಜ್ಯ ಬೇಕೆಂದು ಊರಿಗೆ ಊರೇ ಕೆಲಸ ಬಿಟ್ಟು ಕುಳಿತು ಮೂರನೇ ವಾರ. ಶಾಲೆಯಿಲ್ಲ, ಬಸ್ಸಿಲ್ಲ. ರಸ್ತೆಯ ನಡುವೆಯೇ ಕಲ್ಲು ಹೂಡಿ ಹೆಂಗಸರು ಅಡುಗೆ ಮಾಡುತ್ತಿದ್ದರು. ಪಕ್ಕದ ಶಾಮಿಯಾನದಡಿ ಒಬ್ಬಳು ಮೈಕು ಹಿಡಿದು ಹಾಡುತ್ತಿದ್ದಳು.

ಆಟೋದ ಹಿಂದುಗಡೆ, ಬಿಳಿ ಬಟ್ಟೆ ಹೊದಿಸಿದ ಹಣಮಂತರಾಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಮಾಣಿಕಮ್ಮ ಕುಳಿತಿದ್ದಳು. ಎದುರಿಗೆ ಮಗ ಅನಿಲಕುಮಾರ. ಎದೆನೋವೆಂದು ಮೊನ್ನೆ ದವಾಖಾನೆಗೆ ತಂದಿದ್ದರು. ಇವತ್ತು ಬೆಳಿಗ್ಗೆ ಚಹಾ ಕೇಳಿದವನು ಅದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅರವತ್ಮೂರು ವರ್ಷವಾಗಿತ್ತು.

ಚಳವಳಿಯ ಗುಲಾಬಿ ಶಾಲು ಹೊದ್ದ ಹುಡುಗರು ಓಡಿಬಂದು ಕಲ್ಲು ಸರಿಸತೊಡಗಿದರು.

“ಯಾರ್ರೀ ಇವ್ರು?” ಎಂದು ಒಬ್ಬ ಕೇಳಿದ.

“ಪೇಟಿ ಮಾಸ್ತರ. ಝರಾಸಂಗಮದ ಬಾಜು ನಮ್ಮೂರು,” ಎಂದ ಅನಿಲಕುಮಾರ. ಹಾರ್ಮೋನಿಯಂಗೆ ಆ ಕಡೆ ಪೇಟಿ ಎನ್ನುತ್ತಾರೆ.

ಮಾತು ಬಾಯಿಂದ ಬಾಯಿಗೆ ಶಾಮಿಯಾನದವರೆಗೆ ಹೋಯಿತು. ಹಾಡು ನಡುವೆಯೇ ನಿಂತಿತು. ಮೈಕು ಪಕ್ಕದವಳ ಕೈಗೆ ಕೊಟ್ಟು ಹಾಡುಗಾರ್ತಿ ಓಡಿಬಂದಳು. ಆಟೋದ ಅಂಚು ಹಿಡಿದು ನಿಂತಳು, ಬಟ್ಟೆ ಸರಿಸಿ ಮುಖ ನೋಡುವ ಧೈರ್ಯವಾಗಲಿಲ್ಲ.

“ಯಾವಾಗ ಆತು, ಅಣ್ಣಾ?”

“ಮುಂಜಾನೆ. ಬಾ ಸ್ವರೂಪಾ, ಮ್ಯಾಲ ಹತ್ತು,” ಎಂದು ಅನಿಲಕುಮಾರ ಕೈ ಕೊಟ್ಟ.

ಮಾಣಿಕಮ್ಮ ಅವಳನ್ನೊಮ್ಮೆ ನೋಡಿ ಮುಖ ಆಚೆ ತಿರುಗಿಸಿದಳು.

ಆಟೋ ಹೊರಡುವಾಗ ಅಡುಗೆ ಮಾಡುತ್ತಿದ್ದ ಹೆಂಗಸೊಬ್ಬಳು ಅನ್ನ, ಬೇಳೆ ತುಂಬಿದ ಬಕೆಟು ತಂದು ಒಳಗಿಟ್ಟಳು. “ಸಾವಿನ ಮನ್ಯಾಗ ಇವತ್ತು ಒಲಿ ಹಚ್ಚಂಗಿಲ್ಲ. ತೊಗೊಂಡು ಹೋಗ್ರಿ, ಯವ್ವಾ.”

ಸ್ವರೂಪಾ ಮಾಸ್ತರನ ಕಾಲ ಬಳಿ ಮುದುಡಿ ಕುಳಿತಳು. ನಾರಾಯಣಖೇಡದ ಸರ್ಕಾರಿ ಶಾಲೆಯಲ್ಲಿ ಅವಳು ಟೀಚರು. ಹನ್ನೆರಡು ವರ್ಷಗಳಿಂದ ಅವಳು ಮಾಸ್ತರನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಕುಣಿಗಳಲ್ಲಿ ಆಟೋ ಎತ್ತಿಹಾಕಿದಾಗಲೆಲ್ಲ ಅವಳು ಎರಡೂ ಕೈಯಿಂದ ಆ ಪಾದಗಳನ್ನು ಹಿಡಿದುಕೊಳ್ಳುತ್ತಿದ್ದಳು.

*

ಹಣಮಂತರಾಯ ಕುರಿ ಕಾಯುವವರ ಮನೆಯವನು. ಆತ್ಮಾರಾಮ ಎಂಬ ಊರೂರು ತಿರುಗುವ ಭಜನೆಯವನೊಬ್ಬ ವರ್ಷಕ್ಕೊಂದು ತಿಂಗಳು ಅವರ ಹಟ್ಟಿಯಲ್ಲಿ ಉಳಿಯುತ್ತಿದ್ದ. ಹಣಮಂತರಾಯ ಅವನಿಂದ ಪೇಟಿ ಕಲಿತ. ಆತ್ಮಾರಾಮನಿಗೆ ಅಕ್ಷರ ಬರುತ್ತಿರಲಿಲ್ಲ. ರಾಗ ಬರುತ್ತಿತ್ತು, ಅದರ ಒಳಗಿನವುಗಳ ಹೆಸರು ಬರುತ್ತಿರಲಿಲ್ಲ. ಹಣಮಂತರಾಯ ತನಗೆ ತಿಳಿದ ಹೆಸರು ಇಟ್ಟುಕೊಂಡ. ಎಲ್ಲ ಸುರಗಳೂ ಮರಳಿ ಬರುವ ‘ಸ’ ಎಂದರೆ ಹಟ್ಟಿ. ರಾಗದಲ್ಲಿ ಮುಂದೆ ನಿಂತು ಉಳಿದವನ್ನು ನಡೆಸುವ ಸುರ ಎಂದರೆ ಮುಂದಿನ ಹೋತ. ಅದಕ್ಕೆ ಜೊತೆ ಕೊಡುವ ಸುರ, ಜೋಡಿ ಕುರಿ. ಲಯ ಎಂದರೆ ನಡಿಗೆ. ತಾಳದ ಮೊದಲ ಪೆಟ್ಟು ಕೋಲು ಊರುವುದು, ಪೆಟ್ಟಿಲ್ಲದ ಜಾಗ ಕೋಲು ಎತ್ತುವುದು.

ಸ್ವರೂಪಾ ದಲಿತ ಕೇರಿಯ ಕಿಷ್ಟಪ್ಪನ ಮಗಳು. ಕಲಿಯಲು ಬಂದ ಅವಳು ಗುಡಿಯ ಪೇಟಿಯನ್ನು ಮುಟ್ಟುವುದು ಭಜನಾ ಮಂಡಳಿಯವರಿಗೆ ಸರಿಬರಲಿಲ್ಲ. ಹಣಮಂತರಾಯ ಯಾರ ಜೊತೆಗೂ ವಾದಕ್ಕೆ ಇಳಿಯುವವನಲ್ಲ. ಎರಡು ಟಗರು ಮಾರಿ ತನ್ನದೇ ಒಂದು ಪೇಟಿ ಮನೆಗೆ ತಂದ. ಸಂಜೆ ಹೊತ್ತು ಅದನ್ನು ಶಾಲೆಯ ಪಡಸಾಲೆಗೆ ಒಯ್ದು ಪಾಠ ಶುರುಮಾಡಿದ. ಯಾರು ಬೇಕಾದರೂ ಬರಬಹುದಿತ್ತು.

ಅವಳಿಗೆ ಹದಿನಾಲ್ಕು ತುಂಬಿದಾಗ ಶಾಲೆಯ ಹೆಡ್‌ಮಾಸ್ತರರು ಸಂಗೀತ ಪರೀಕ್ಷೆಯ ಅರ್ಜಿ ತುಂಬಿಸಿದರು. ಅಪ್ಪನ ಜೊತೆ ಹೈದರಾಬಾದಿಗೆ ಹೋದಳು. ಭೂಪ ರಾಗ ಹಾಡಿದಳು, ಪರೀಕ್ಷಕರಿಬ್ಬರೂ ತಲೆದೂಗಿದರು. ಆಮೇಲೆ ಒಬ್ಬರು ಕೇಳಿದರು:

“ಭೂಪದ ವಾದಿ ಯಾವುದು? ಸಂವಾದಿ ಯಾವುದು?”

ಅವಳು ಆ ಮಾತುಗಳನ್ನು ಕೇಳಿಯೇ ಇರಲಿಲ್ಲ.

“ರಾಗದಲ್ಲಿ ಮುಖ್ಯ ಸ್ವರ ಅಂತ ಇರುತ್ತದಲ್ಲಮ್ಮ?”

“ಹಾಂ, ಮುಂದಿನ ಹೋತ! ಅದು ಗ. ಜೋಡಿ ಕುರಿ ಧ,” ಎಂದಳು ಖುಷಿಯಿಂದ.

ಇಬ್ಬರೂ ನಕ್ಕರು. ಬಾಗಿಲ ಬಳಿ ಸರದಿಗೆ ನಿಂತಿದ್ದ ಮಕ್ಕಳೂ ನಕ್ಕರು. ಒಬ್ಬ ಪರೀಕ್ಷಕರು ಮೇಜು ಕುಟ್ಟಿ, “ಇನ್ನೊಮ್ಮೆ ಹೇಳಮ್ಮ,” ಎಂದರು. ಅವಳು ಹೇಳಲಿಲ್ಲ. ಮುಂದಿನ ಯಾವ ಪ್ರಶ್ನೆಗೂ ಬಾಯಿ ತೆರೆಯಲಿಲ್ಲ.

ಊರ ಬಸ್‌ಸ್ಟ್ಯಾಂಡಿನಲ್ಲಿ ಮಾಸ್ತರ ಕಾಯುತ್ತ ನಿಂತಿದ್ದ. ಅವಳು ಇಳಿದವಳೇ ಅಳುತ್ತ ಕೂಗಾಡಿದಳು. “ನಿಮ್ಮ ಕುರಿ ಮಾತು ಕಲ್ತು ಎಲ್ಲರ ಮುಂದ ನಗೆಪಾಟಲಾದೆ! ಒಂದರ ಖರೇ ಹೆಸರು ನಿಮಗ ಗೊತ್ತಿತ್ತೇನ್ರಿ?”



“ಇಲ್ಲವ್ವಾ,” ಎಂದ ಹಣಮಂತರಾಯ.

ಮರುದಿನದಿಂದ ಅವಳು ಪಡಸಾಲೆಗೆ ಬರಲಿಲ್ಲ.

*

ಮೀಯಿಸಿ, ವಿಭೂತಿ ಹಚ್ಚಿ, ಹೆಣವನ್ನು ಮನೆಯ ಮುಂದಿನ ಬೇವಿನ ಮರದಡಿ ಗೋಡೆಗೊರಗಿಸಿ ಕೂರಿಸಿದರು. ಅವರಲ್ಲಿ ಹೂಳುವ ಪದ್ಧತಿ. ಕುಣಿ ತೋಡಲು ನಾಲ್ವರು ಹೊಲಕ್ಕೆ ಹೋದರು. ಭಜನಾ ಮಂಡಳಿಯ ಹಿರಿಯ ನರಸಿಂಹುಲು ತಾಳ ಹಿಡಿದು ಬಂದವನು ಹೆಣದ ಮುಂದೆ ಕುಳಿತು ಎರಡು ಪದ ಹಾಡಿ ನಿಲ್ಲಿಸಿದ. ಪೇಟಿಯಿಲ್ಲದೆ ಹಾಡು ಏಳುತ್ತಿರಲಿಲ್ಲ.

“ಮೂವತ್ತು ವರ್ಷ ಊರಾಗ ಯಾರು ಸತ್ತರೂ ಇವನೇ ಬಾರಿಸ್ದ,” ಎಂದ. “ಇವಂಗ ಯಾರು ಬಾರಿಸ್ಬೇಕು?”

“ನಾ ಬಾರಿಸ್ತೀನಿ, ಅಜ್ಜಾ,” ಎಂದಳು ಅನಿಲಕುಮಾರನ ಮಗಳು ಭಾಗ್ಯ. ಅವಳಿಗೆ ಹನ್ನೊಂದು ವರ್ಷ.

“ಕೊಳ್ಳಾಗ ಹಾಕ್ಕೊಂಡು ಹೊಲದ ತನ ನಡೀಬೇಕವ್ವಾ. ನಿಂಗ ಭಾರ ಆಗ್ತದ.”

ಭಾಗ್ಯ ಹಿಂದೆ ಸರಿದು ಹೆಂಗಸರ ಗುಂಪಿನಲ್ಲಿ ಕುಳಿತಿದ್ದ ಸ್ವರೂಪಾಳ ಹತ್ತಿರ ಬಂದಳು. ಹಿಂದೆಯೇ ಪಾಠದ ಹುಡುಗಿಯರು ನಾಲ್ಕೈದು ಜನ.

“ಸ್ವರೂಪಾ ಟೀಚರ್ ನೀವೇ ಏನ್ರಿ?”

“ಹೂಂ. ನಿಂಗ ಹ್ಯಾಂಗ ಗೊತ್ತು?”

“ಅಜ್ಜ ಪಾಠದಾಗ ದಿನಾ ಹೇಳ್ತಿದ್ದ. ಮುಂದಿನ ಹೋತಕ್ಕ ವಾದಿ ಅಂತಾರ, ಜೋಡಿ ಕುರಿಗಿ ಸಂವಾದಿ ಅಂತಾರ. ಕೋಲು ಊರೋದು ಸಮ, ಎತ್ತೋದು ಖಾಲಿ. ಸ್ವರೂಪಕ್ಕಗ ಕೇಳಿದಂಗ ನಿಮಗೂ ಕೇಳ್ತಾರ, ಎರಡೂ ನೆಪ್ಪಿಡ್ರಿ ಅಂತಿದ್ದ.”

ಸ್ವರೂಪಾ ಮುಂದೆ ಬಾಗಿದಳು. “ಈ ಹೆಸರೆಲ್ಲ ಅವರಿಗೆ ಯಾರು ಹೇಳ್ಕೊಟ್ರು?”

“ತಾಂಡೂರಿನ ರುಕ್ಮಿಣಿಬಾಯಿ,” ಎಂದಿತು ಹಿಂದಿನಿಂದ ಒಂದು ದನಿ.

ಮಾಣಿಕಮ್ಮ ಅಷ್ಟು ಹೊತ್ತಿಗೆ ಮೊದಲ ಸಲ ಅವಳೊಡನೆ ಮಾತಾಡಿದ್ದಳು.

“ನೀ ಅಂದು ಹೋದಿ. ಮುಂದಿನ ಶನಿವಾರದಿಂದ ಅವರಿಗೆ ತಾಂಡೂರಿನ ಹುಚ್ಚು ಹಿಡೀತು. ಎರಡು ವರ್ಷ. ಕುರಿ ಹಿಂದ ನಾ ಒಬ್ಬಾಕೆ. ಒಂದ್ ಶನಿವಾರ ನಾಯಿ ಬಿದ್ದು ಮರಿ ಎರಡು ಹೋದವು. ಸಂಜಿಗಿ ಬಂದವರು ಹೆಸರು ಹೇಳ್ಕೋತ ಬಂದ್ರು, ಆರೋಹ, ಅವರೋಹ ಅಂತ. ನಾ ಮರೀ ಹೆಣ ಎತ್ತಿ ಅವರ ಮುಂದ ಒಗದೆ.” ಅವಳು ಮೂಗು ಒರೆಸಿಕೊಂಡಳು. “ನಿನ್ನ ಬೈಯದ ದಿನ ಇಲ್ಲ, ಸ್ವರೂಪಾ. ಸುಳ್ಳು ಯಾಕ ಹೇಳ್ಲಿ.”

*

ತಾಂಡೂರಿನ ರುಕ್ಮಿಣಿಬಾಯಿ ಶಾಲೆಯಿಂದ ನಿವೃತ್ತರಾದ ಸಂಗೀತದ ಟೀಚರು. ಹಾಸುಗಲ್ಲಿನ ನೆಲದ ಮೇಲೆ ಚಾಪೆ ಹಾಸಿ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಐವತ್ತೊಂದು ವರ್ಷದ ಕುರಿಗಾಹಿ ಕಂಬಳಿ ಮಡಚಿ ಬಾಗಿಲಲ್ಲಿಟ್ಟು, “ನನಗ ಹಾಡು ಬೇಡ್ರಿ, ಬಾಯಾರ. ಹೆಸರಷ್ಟೇ ಬೇಕು,” ಎಂದಾಗ ಅವರಿಗೆ ಅರ್ಥವಾಗಲಿಲ್ಲ. ಪೇಟಿ ಮುಂದಿಟ್ಟು ಬಾರಿಸಲು ಹೇಳಿದರು. ಅವನು ಬಾರಿಸಿದ. ಮುಗಿಯುವವರೆಗೆ ಕೇಳಿ, ಎಂಟು ಒಂಬತ್ತು ವರ್ಷದ ಮಕ್ಕಳ ಸಾಲಿನಲ್ಲಿ ಕೊನೆಗೆ ಅವನನ್ನು ಕೂರಿಸಿದರು.

ಮಕ್ಕಳು ಒಂದು ವಾರದಲ್ಲಿ ಬಾಯಿಪಾಠ ಮಾಡಿದ್ದು ಅವನಿಗೆ ಒಂದು ತಿಂಗಳು ಹಿಡಿಯುತ್ತಿತ್ತು. ‘ಸಂವಾದಿ’ ಎನ್ನಲು ಹೋಗಿ ‘ಸಂಬಂಧಿ’ ಎನ್ನುತ್ತಿದ್ದ. ಕುರಿ ಹಿಂದೆ ನಡೆಯುತ್ತ, ತೊಗರಿ ಹೊಲದ ಬದುವಿನ ಮೇಲೆ ಕುಳಿತು, ಹೆಸರುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ.

ಎರಡು ವರ್ಷ ಕಳೆದ ಮೇಲೆ ಅದೇ ಪರೀಕ್ಷೆಗೆ ಅರ್ಜಿ ಹಾಕಿದ. ಬಾಗಿಲಲ್ಲಿದ್ದ ಜವಾನ, “ಪಾಲಕರು ಹೊರಗ ಕೂಡ್ರಿ,” ಎಂದ. ಹಣಮಂತರಾಯ ಹಾಲ್‌ಟಿಕೆಟು ತೋರಿಸಿದ.

ಪರೀಕ್ಷಕರು ಕೇಳಿದ ಎಲ್ಲ ಹೆಸರನ್ನೂ ಹೇಳಿದ. ಆರೋಹ ಹೇಳಿದ, ಮಾತ್ರೆ ಎಣಿಸಿದ, ಸಮ ತೋರಿಸಿದ. ಕೊನೆಗೆ ಸಂವಾದಿ ಬಂತು. ಪುಸ್ತಕದಲ್ಲಿದ್ದಂತೆ ಒಂದಕ್ಷರ ತಪ್ಪದೆ ಹೇಳಿ, ಏಳದೆ ಅಲ್ಲಿಯೇ ಕುಳಿತ.

“ಆಯ್ತು, ಹೋಗಬಹುದು,” ಎಂದರು.

“ನಮ್ಮ ಕಡಿ ಇದಕ್ಕ ಜೋಡಿ ಕುರಿ ಅಂತೀವ್ರಿ.”

ಅವರು ನಕ್ಕರು. ನಗು ಮುಗಿಯುವವರೆಗೆ ಅವನು ಕಾದ.

“ನನ್ನ ಹುಡುಗಿ ತಪ್ಪು ಹೇಳಿರ್ಲಿಲ್ರಿ, ಸಾಹೇಬ್ರ. ಅದನ್ನ ಹೇಳಾಕ ಬಂದೆ,” ಎಂದು ಕೈಮುಗಿದು ಎದ್ದ.

ಪರೀಕ್ಷಕರಿಗೆ ಯಾವ ಹುಡುಗಿಯೆಂದು ತಿಳಿಯಲಿಲ್ಲ. ಅವನನ್ನು ಎರಡನೇ ದರ್ಜೆಯಲ್ಲಿ ಪಾಸು ಮಾಡಿದರು.

*

ಮಾಣಿಕಮ್ಮ ಇಷ್ಟನ್ನೂ ತನಗೆ ತಿಳಿದಂತೆ ಹೇಳಿದಳು. ಮಂಡಳಿಯವರೂ ತಾಳ ಕೆಳಗಿಟ್ಟು ಕೇಳುತ್ತಿದ್ದರು.

“ನನಗ್ಯಾಕ ಹೇಳ್ಲಿಲ್ಲ, ಅವ್ವಾ?” ಎಂದಳು ಸ್ವರೂಪಾ. “ಒಂದು ಮಾತು ಹೇಳಿ ಕಳಿಸಿದ್ರ ನಾ ಓಡಿ ಬರ್ತಿದ್ದೆ.”

“ಬಂದಿದ್ರಲ್ಲ. ನಿಂಗ ನೌಕರಿ ಸಿಕ್ಕ ವರ್ಷ. ನಾರಾಯಣಖೇಡದ ನಿನ್ನ ಶಾಲಿ ತನ ಬಂದಿದ್ರು.”

“ನಾ ನೋಡ್ಲೇ ಇಲ್ಲ!”

“ಕಿಡಕಿ ಬಾಜು ನಿಂತಿದ್ರಂತ. ನೀ ಸಣ್ಣ ಹುಡುಗರಿಗೆ ಹಾಡು ಕಲಸ್ಲಿಕತ್ತಿದ್ದಿ. ಕೋಲು ಊರ್ರಿ, ಕೋಲು ಎತ್ರಿ, ಎಲ್ಲಿ ಹೋದ್ರೂ ಹಟ್ಟಿಗಿ ಬರ್ರಿ ಅಂತಿದ್ದಿಯಂತ. ಹುಡುಗರು ಹಂಗೇ ಕಾಲು ಕುಟ್ಟತಿದ್ವಂತ.”

ಸ್ವರೂಪಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸಣ್ಣ ಮಕ್ಕಳಿಗೆ ಬೇರೆ ಯಾವ ಮಾತಿನಲ್ಲಿ ಹೇಳಿದರೂ ತಿಳಿಯುತ್ತಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

“ಒಳಗ ಯಾಕ ಬರ್ಲಿಲ್ಲ?”

“ನಾನೂ ಅದೇ ಕೇಳ್ದೆ. ಪಾಠ ನಡದಿತ್ತು, ಒಳಗ ಹೋದ್ರ ಲಯ ಕೆಡ್ತದ ಅಂದ್ರು.” ಮಾಣಿಕಮ್ಮನ ಬಾಯಿ ಒಂದಿಷ್ಟು ನಕ್ಕಂತಾಗಿ ಸೊಟ್ಟಗಾಯಿತು. “ಅವತ್ತು ಮನಿಗಿ ಬಂದು ಎರಡು ರೊಟ್ಟಿ ಜಾಸ್ತಿ ಉಂಡ್ರು. ಅವತ್ತಿನಿಂದ ನಿನ್ನ ಬೈಲಿಕ್ಕ ಬಿಟ್ಟೆ. ಆದ್ರ ಮಾರಿ ನೋಡಿದ್ರ ಸಿಟ್ಟು ಬರ್ತದ, ಏನ್ ಮಾಡ್ಲಿ.”

ಹೊಲದಿಂದ ಒಬ್ಬ ಬಂದು ಕುಣಿ ಆಯಿತೆಂದ. ಹೆಣ ಎತ್ತುವ ಹೊತ್ತು. ನರಸಿಂಹುಲು ಎದ್ದು ಮತ್ತೆ ಕೇಳಿದ:

“ಪೇಟಿ ಹ್ಯಾಂಗ?”

“ಸ್ವರೂಪಾ ಬಾರಿಸ್ತಾಳ,” ಎಂದಳು ಮಾಣಿಕಮ್ಮ.

ಮಂಡಳಿಯ ಇಬ್ಬರು ನೆಲ ನೋಡಿದರು. ನರಸಿಂಹುಲು ಗುಡಿಯ ಕಡೆಗೊಮ್ಮೆ, ಹೆಣದ ಕಡೆಗೊಮ್ಮೆ ನೋಡಿ, ತನ್ನ ಹೆಗಲ ಮೇಲಿನ ಟವೆಲು ತೆಗೆದ. ಮಾಸ್ತರನ ಪೇಟಿಯ ಎರಡು ಕಡೆಯ ಬಳೆಗೆ ಅದನ್ನು ಬಿಗಿದು ತಂದು ಸ್ವರೂಪಾಳ ಕೊರಳಿಗೆ ಹಾಕಿದ.

“ಭಾರ ಆದ್ರ ಹೇಳವ್ವಾ, ಅಡಿಯಾಗ ಕೈ ಕೊಡ್ತೀನಿ.”

ಒಂದು ಕೈಯಲ್ಲಿ ಗಾಳಿ ಹಾಕುತ್ತ, ಒಂದು ಕೈಯಲ್ಲಿ ಬಾರಿಸುತ್ತ ಅವಳು ಹೆಣದ ಮುಂದೆ ನಡೆದಳು. ಗುಡಿಯ ಮುಂದಿನಿಂದಲೇ ದಾರಿ. ಅಲ್ಲಿ ಕಾಲು ಒಂದಿಷ್ಟು ತಡವರಿಸಿತು, ಆದರೂ ನಿಲ್ಲಲಿಲ್ಲ. ನರಸಿಂಹುಲು ಪಕ್ಕದಲ್ಲಿ ತಾಳ ಹಾಕುತ್ತ ಅವಳ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡ.

ಹೊತ್ತು ಇಳಿಯುವಾಗ ಎಲ್ಲ ಮುಗಿದು ಜನ ಮರಳಿದರು. ಹೆದ್ದಾರಿಯ ಅನ್ನವನ್ನು ಕುಣಿ ತೋಡಿದವರೂ ಪಾಠದ ಹುಡುಗಿಯರೂ ಅಂಗಳದಲ್ಲಿ ಕುಳಿತು ಉಂಡರು. ಸ್ವರೂಪಾಳನ್ನು ಜಹೀರಾಬಾದಿಗೆ ಬಿಡಲು ಅಂಜಪ್ಪ ಆಟೋ ತಿರುಗಿಸಿ ನಿಲ್ಲಿಸಿದ್ದ. ಹೊರಡುವ ಮುಂಚೆ ಅವಳು ಪೇಟಿಯ ಧೂಳು ಒರೆಸಿ, ಮುಚ್ಚಳ ಹಾಕಲು ಕೈ ಎತ್ತಿದಳು.

“ತಡಿ,” ಎಂದಳು ಮಾಣಿಕಮ್ಮ. ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕುಳಿತಳು. “ಇಷ್ಟು ವರ್ಷ ಮನ್ಯಾಗ ಇತ್ತು, ಒಂದಿನ ಮುಟ್ಟಿಲ್ಲ. ಕೆಲಸನೇ ಮುಗೀತಿರಲಿಲ್ಲ. ಅವರು ಮೊದ್ಲು ಒತ್ತತಿದ್ರಲ್ಲ, ಅದು ಯಾವುದು?”

ಸ್ವರೂಪಾ ‘ಸ’ ತೋರಿಸಿದಳು. ಮಾಣಿಕಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಿಳಿ ಪಟ್ಟಿಯ ಮೇಲಿಟ್ಟಳು. ಸ್ವರೂಪಾ ಗಾಳಿ ಹಾಕಿದಳು. ದನಿ ಎದ್ದ ಕೂಡಲೇ ಮಾಣಿಕಮ್ಮ ಬೆಚ್ಚಿ ಬೆರಳು ತೆಗೆದಳು.

“ಏನೂ ಆಗಂಗಿಲ್ಲ, ಅವ್ವಾ. ಒತ್ರಿ.”

ಎರಡನೇ ಸಲ ಒತ್ತಿದವಳು ತೆಗೆಯಲಿಲ್ಲ. ಕೈ ತೊಳೆಯುತ್ತಿದ್ದ ಹುಡುಗಿಯರು ನೀರು ನಿಲ್ಲಿಸಿ ತಿರುಗಿದರು. ಹೊರಗೆ ಅಂಜಪ್ಪ ಆಟೋದ ಎಂಜಿನ್ ಆರಿಸಿದ. ಮಾಣಿಕಮ್ಮ ಇನ್ನೊಂದು ಕೈಯಿಂದ ತಲೆಯ ಮೇಲಿನ ಸೆರಗು ಹಿಂದೆ ಸರಿಸಿ, ಬೆರಳು ಕದಲಿಸದೆ, ಬಾಗಿ, ಕಿವಿಯನ್ನು ಪೇಟಿಯ ಹಲಗೆಗೆ ಹಚ್ಚಿದಳು.