ಗಡಿಬಿಡಿಯ ಕಂಬ

ಎರಡನೇ ಕ್ಲಾಸಿನ ಟೀಚರಿಗೆ ತನ್ನ ಕ್ಲಾಸಿನ ಬಗ್ಗೆ ಸ್ವಲ್ಪ ಜಂಬವೇ ಇತ್ತು. ಬೇರೆ ಕ್ಲಾಸುಗಳಲ್ಲಿ ಮಕ್ಕಳು ಕೈಕಟ್ಟಿ ಕೂತು ಪಾಠ ಒಪ್ಪಿಸುತ್ತಿದ್ದರೆ, ಇವಳ ಮಕ್ಕಳು ಮೊಣಕೈವರೆಗೂ ಗೋಂದು ಮೆತ್ತಿಕೊಂಡು ನೆಲದ ಮೇಲೆ ಬಿದ್ದುಕೊಂಡಿರುತ್ತಿದ್ದರು. ಭಾರ ಅಂದರೇನು ಎಂದು ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟು, ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಹಳೇ ಪೇಪರು ರಟ್ಟು ಹಂಚಿ, ಮರಳಿನ ಚೀಲ ಹೊರುವಂಥ ಸೇತುವೆ ಕಟ್ಟಿ ಎಂದಿದ್ದಳು. ಗಲಾಟೆ ತಡೆಯಲಾರದೆ ಪಕ್ಕದ ಕ್ಲಾಸಿನವರು ಬಾಗಿಲು ಹಾಕಿಕೊಂಡರೆ, ಹಾಕ್ಕೊಳ್ಳಲಿ ಬಿಡಿ ಎನ್ನುತ್ತಿದ್ದಳು.

ಆ ಕ್ಲಾಸಿನಲ್ಲಿ ಎರಡೇ ಕಟ್ಟಳೆ. ಒಂದು, ಗುಂಪಿನ ನಾಲ್ವರೂ ಇಲ್ಲದೆ ಅವರ ಸೇತುವೆಯನ್ನು ಯಾರೂ ಮುಟ್ಟಬಾರದು, ಟೀಚರ್ ಕೂಡ. ಇನ್ನೊಂದು, ಏನಾದರೂ ತಪ್ಪು ಮಾಡಿದವರು ಎಲ್ಲರೂ ದುಂಡಗೆ ಕೂತಾಗ ‘ನಾನೇ’ ಎಂದು ಕೈಯೆತ್ತಬೇಕು. ಹಾಗೆ ಎತ್ತಿದವರಿಗೆ ಬೈಗುಳವಿಲ್ಲ, ಎಲ್ಲರೂ ಸೇರಿ ಚಪ್ಪಾಳೆ. ಆಮೇಲೆ ಆ ಮಾತು ಎತ್ತುವ ಹಾಗಿಲ್ಲ. ನೀರು ಚೆಲ್ಲಿದವರು, ಪಕ್ಕದವನ ಪೆನ್ಸಿಲ್ ಕಚ್ಚಿದವರು ಎಲ್ಲರೂ ಚಪ್ಪಾಳೆ ಗಿಟ್ಟಿಸಿ ಹಗುರಾಗಿ ಮನೆಗೆ ಹೋಗುತ್ತಿದ್ದರು. ಹೆದರಿಸದೆ ನಿಜ ಹೇಳಿಸುವ ಈ ಉಪಾಯ ಟೀಚರಿಗೆ ತಾನೇ ಕಂಡುಹಿಡಿದದ್ದೆಂಬ ಖುಷಿ.

ಅತಿ ಹೆಚ್ಚು ಚಪ್ಪಾಳೆ ಗಿಟ್ಟಿಸಿದವಳು ಗಡಿಬಿಡಿ. ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿದ್ದರೂ ಕ್ಲಾಸಿಗೆಲ್ಲ ಅವಳು ಗಡಿಬಿಡಿಯೇ. ನಡೆದರೆ ಬೆಂಚಿಗೆ ಢಿಕ್ಕಿ, ಕೂತರೆ ಬಣ್ಣದ ಬಟ್ಟಲು ಬೋರಲು. ಗುಂಪು ಮಾಡುವಾಗ ಯಾರಿಗೂ ಬೇಡವಾಗಿ ನಡುವೆ ಒಬ್ಬಳೇ ನಿಂತುಬಿಟ್ಟಿದ್ದಳು. ಟೀಚರ್ ಒಂದು ಗುಂಪಿನ ಕೈಕಾಲು ಹಿಡಿದ ಹಾಗೆ ಮಾಡಿ ಸೇರಿಸಬೇಕಾಯಿತು. ಆ ಗುಂಪಿನಲ್ಲಿ ಇಬ್ಬರು ಅವಳಿ ಅಕ್ಕತಂಗಿಯರು, ಮತ್ತೆ ಮೇಸ್ತ್ರಿ ಎಂದು ಅಡ್ಡಹೆಸರು ಬಿದ್ದಿದ್ದ ಒಬ್ಬ ಹುಡುಗ. ಕೆಲಸ ಮಾಡುವುದಕ್ಕಿಂತ ಮಾಡಿಸುವುದರಲ್ಲಿ ಅವನಿಗೆ ಆಸಕ್ತಿ.

“ಇವಳನ್ನ ಸೇರಿಸ್ಕೋತೀವಿ ಮಿಸ್, ಆದ್ರೆ ನಡುಗಂಬ ಒಂದೇ ಇವಳಿಗೆ. ಬೇರೇದು ಮುಟ್ಟಬಾರದು,” ಎಂದು ಅವನು ಷರತ್ತು ಹಾಕಿದ್ದ.

ಗಡಿಬಿಡಿ ಆ ಒಂದು ಕಂಬವನ್ನು ದಿನಗಟ್ಟಲೆ ಮಾಡಿದಳು. ರಟ್ಟನ್ನು ಕೊಳವೆಯಂತೆ ಸುತ್ತಿ, ಪೇಪರ್ ಚೂರುಗಳನ್ನು ಗಂಜಿಯಲ್ಲಿ ನೆನೆಸಿ ಒಳಗೆ ತುರುಕಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ, ಕಿಟಕಿಯ ಬಿಸಿಲಿಗೆ ಇಟ್ಟಳು. ಒಣಗಿದ್ದು ನೋಡಿದರೆ ಕಂಬ ಒಂದು ಕಡೆ ವಾಲಿ, ನಡುವೆ ಹೊಟ್ಟೆ ಉಬ್ಬಿಸಿಕೊಂಡಿತ್ತು. ಅದಕ್ಕೆ ನೀಲಿ ಬಣ್ಣ ಬೇರೆ. ಅವಳಿಗೆ ಮಾತ್ರ ಅದರ ಮೇಲೆ ಇನ್ನಿಲ್ಲದ ಪ್ರೀತಿ. ಬೆಳಿಗ್ಗೆ ಬಂದವಳೇ ಮೊದಲು ಅದರ ಮುಂದೆ ಕೂತು ನೋಡಿ, ಆಮೇಲೆ ಚೀಲ ಇಳಿಸುತ್ತಿದ್ದಳು. ಈಗೀಗ ಅವಳಿಗಳು ಊಟಕ್ಕೆ ಕೂರುವಾಗ ಗಡಿಬಿಡಿಗೂ ಜಾಗ ಬಿಡತೊಡಗಿದ್ದರು.

ಅಷ್ಟರಲ್ಲಿ ಬೇರೆ ಶಾಲೆಗಳ ಟೀಚರುಗಳು ಈ ಕ್ಲಾಸು ನೋಡಲು ಬರುತ್ತಾರೆಂದು ಹೆಡ್‌ಮಿಸ್ ಹೇಳಿದರು. ಹಿಂದಿನ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಟೀಚರ್ ಒಬ್ಬಳೇ ಸೇತುವೆಗಳ ಮುಂದೆ ನಿಂತಳು. ಎಲ್ಲ ಸಾಲಾಗಿ ಲಕ್ಷಣವಾಗಿದ್ದವು. ಆ ನೀಲಿ ಕಂಬ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ನಾಳೆ ಎಲ್ಲರೆದುರು ಇದು ಬಿದ್ದರೆ ಪಾಪದ ಹುಡುಗಿ ಮತ್ತೆ ಒಂಟಿಯಾಗುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಬಂದವರು ಮೂಗು ಮುರಿಯುತ್ತಾರಲ್ಲ ಎಂಬುದೇ ಅವಳ ನಿಜವಾದ ಚಿಂತೆ.

ಹುಷಾರಾಗಿ ಆ ಕಂಬ ಬಿಡಿಸಿದಳು. ದಪ್ಪ ಚಾರ್ಟನ್ನು ಅಳತೆಪಟ್ಟಿಗೆ ಸುತ್ತಿ, ಪಟ್ಟಿ ಎಳೆದು ತೆಗೆದು, ನೆಟ್ಟಗಿನ ಹೊಸ ಕಂಬ ಮಾಡಿ, ಅದೇ ನೀಲಿ ಬಳಿದು, ಅಂಟಿಸಿದಳು. ಒಳಗೆ ಏನೂ ತುಂಬಲಿಲ್ಲ. ತುಂಬಬೇಕೆಂದು ಹೊಳೆಯಲೂ ಇಲ್ಲ. ಸೊಟ್ಟ ಕಂಬವನ್ನು ಬಿಸಾಡಲು ಮನಸ್ಸು ಬಾರದೆ ಬೀರುವಿನಲ್ಲಿ ಚಾರ್ಟುಗಳ ಹಿಂದೆ ಸಿಕ್ಕಿಸಿದಳು. ಮನೆಗೆ ಹೋಗುವಾಗ ಒಳ್ಳೇ ಕೆಲಸ ಮಾಡಿದೆ ಎಂದೇ ಅನಿಸಿತ್ತು.

ಮರುದಿನ ಬೆಳಿಗ್ಗೆ ಗಡಿಬಿಡಿ ಎಂದಿನಂತೆ ಸೇತುವೆಯ ಮುಂದೆ ಕೂತಳು. ತುಂಬಾ ಹೊತ್ತು ಕೂತಳು.

“ಮಿಸ್, ಇದು ನನ್ನ ಕಂಬ ಅಲ್ಲ.”

“ಬಣ್ಣ ಚೆನ್ನಾಗಿ ಒಣಗಿದೆ ಅಷ್ಟೇ ಪುಟ್ಟಿ, ಹೋಗಿ ಕೂತ್ಕೋ,” ಎಂದಳು ಟೀಚರ್. ಅಷ್ಟು ಸಲೀಸಾಗಿ ಸುಳ್ಳು ಬಂದದ್ದು ಅವಳಿಗೇ ಆಶ್ಚರ್ಯ.

ಅತಿಥಿಗಳು ಬಂದು ಹಿಂದಿನ ಬೆಂಚುಗಳಲ್ಲಿ ಕೂತರು. ಹೆಡ್‌ಮಿಸ್ ಬಾಗಿಲ ಬಳಿ ನಿಂತರು. “ಇದೆಲ್ಲ ಮಕ್ಕಳದೇ ಕೆಲಸ. ನನ್ನ ಕೈ ಕೂಡ ತಾಕಿಲ್ಲ,” ಎಂದು ಟೀಚರ್ ಹೇಳಿದಳು. ಹೇಳುವಾಗ ಉಗುರಿನ ಸಂದಿಯಲ್ಲಿ ನೀಲಿ ಕಂಡು ಕೈ ಮುಷ್ಟಿ ಮಾಡಿಕೊಂಡಳು.

ಒಂದೊಂದೇ ಸೇತುವೆಯ ಮೇಲೆ ಮರಳಿನ ಚೀಲ ಇಟ್ಟರು. ಕೆಲವು ನಿಂತವು, ಕೆಲವು ಬಾಗಿದವು. ಗಡಿಬಿಡಿಯ ಗುಂಪಿನ ಸರದಿ ಬಂದಾಗ ಮೇಸ್ತ್ರಿ ಜಂಬದಿಂದ ಚೀಲ ಇಟ್ಟ. ನೀಲಿ ಕಂಬ ನಡುವೆ ಮಡಚಿಕೊಂಡಿತು. ಸೇತುವೆ ಪೂರ್ತಿ ಮಕಾಡೆ ಬಿತ್ತು.

“ಇವಳದೇ ಕಂಬ,” ಎಂದ ಮೇಸ್ತ್ರಿ. ಕಣ್ಣಲ್ಲಿ ನೀರು ತುಂಬಿತ್ತು. “ನಾನು ಮೊದ್ಲೇ ಹೇಳಿದ್ದೆ, ಇವಳು ಬೇಡ ಅಂತ.”

“ಅದು ನಂದಲ್ಲ,” ಎಂದಳು ಗಡಿಬಿಡಿ.

“ಬೀಳಿಸಿದ್ದಲ್ದೆ ಸುಳ್ಳು ಬೇರೆ,” ಎಂದಳು ಅವಳಿಗಳಲ್ಲಿ ಒಬ್ಬಳು. ಇನ್ನೊಬ್ಬಳು ಸರಿದು ಕೂತಳು.

ಟೀಚರಿನ ಒಂದು ಮಾತು ಸಾಕಿತ್ತು. ಆದರೆ ಹಿಂದಿನ ಬೆಂಚುಗಳ ತುಂಬ ಕಣ್ಣು, ಬಾಗಿಲಲ್ಲಿ ಹೆಡ್‌ಮಿಸ್, ಈಗಷ್ಟೇ ಆಡಿದ ದೊಡ್ಡ ಮಾತು. “ಬನ್ನಿ, ಎಲ್ರೂ ದುಂಡಗೆ ಕೂರೋಣ,” ಎಂದಳು. ಮಾತು ಬದಲಿಸಲು ಅದೊಂದೇ ಅವಳಿಗೆ ತೋಚಿದ್ದು.

ದುಂಡಗೆ ಕೂತದ್ದೇ ಗಡಿಬಿಡಿ ಎಡಗಡೆಯ ಅವಳಿಯನ್ನು ನೋಡಿದಳು, ಮೇಸ್ತ್ರಿಯನ್ನು ನೋಡಿದಳು, ಕೊನೆಗೆ ಟೀಚರನ್ನು ನೋಡಿದಳು. ಟೀಚರ್ ನೆಲ ನೋಡುತ್ತಿದ್ದಳು. ಹುಡುಗಿ ಕೈಯೆತ್ತಿದಳು.

“ನಾನೇ. ನನ್ನ ಕಂಬಾನೇ ಸರಿ ಇರಲಿಲ್ಲ.”

ಚಪ್ಪಾಳೆ ಬಿತ್ತು. ಮೇಸ್ತ್ರಿಯೂ ಮೂಗು ಒರೆಸಿಕೊಂಡು ತಟ್ಟಿದ. ಅತಿಥಿಗಳಂತೂ ಎದ್ದು ನಿಂತು ತಟ್ಟಿದರು. ಇಷ್ಟು ಚಿಕ್ಕ ಮಕ್ಕಳಿಗೆ ಇಂಥ ಪ್ರಾಮಾಣಿಕತೆ ಹೇಗೆ ಕಲಿಸಿದಿರಿ ಎಂದು ಒಬ್ಬರು ಕೇಳಿದರು. ಟೀಚರೂ ತಟ್ಟಿದಳು. ತಟ್ಟದೆ ವಿಧಿಯಿರಲಿಲ್ಲ, ಕಟ್ಟಳೆ ಅವಳದೇ.

ಸಂಜೆ ಗೇಟಿನ ಬಳಿ ಗಡಿಬಿಡಿಯ ಅಪ್ಪ ಸಿಕ್ಕಿದ. ಬಸ್ ಓಡಿಸುವವನು, ಖಾಕಿಯಲ್ಲೇ ಬಂದಿದ್ದ.

“ಏನೋ ಬೀಳಿಸಿದ್ಲಂತಲ್ಲ ಮಿಸ್. ಮನೇಲೂ ಹಾಗೇ, ಇವಳ ಕೈಗೆ ಸಿಕ್ಕಿದ್ದು ಯಾವುದು ಉಳಿದಿದೆ ಹೇಳಿ. ಬೇಜಾರು ಮಾಡ್ಕೋಬೇಡಿ.”

“ಇಲ್ಲ, ಅವಳದೇನೂ...” ಎಂದಳು ಟೀಚರ್. ಮುಂದಿನ ಮಾತು ಹೊರಡುವಷ್ಟರಲ್ಲಿ ಅಪ್ಪ ಮಗಳ ಚೀಲ ಹೆಗಲಿಗೆ ಏರಿಸಿ ಹೊರಟಿದ್ದ.

ಟೀಚರ್ ಕ್ಲಾಸಿಗೆ ವಾಪಸ್ ಬಂದು ಬೀರು ತೆಗೆದಳು. ಸೊಟ್ಟ ಕಂಬವನ್ನು ಮೇಜಿನ ಮೇಲೆ ನಿಲ್ಲಿಸಿ ಅದರ ತಲೆಯ ಮೇಲೆ ಮರಳಿನ ಚೀಲ ಇಟ್ಟಳು. ನಿಂತಿತು. ಇನ್ನೊಂದು ಚೀಲ ಇಟ್ಟಳು. ಆಗಲೂ ನಿಂತಿತು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದರ ಮೈಮೇಲೆಲ್ಲ ಪುಟ್ಟ ಹೆಬ್ಬೆರಳು ಒತ್ತಿದ ಗುಳಿಗಳಿದ್ದವು. ಟೀಚರ್ ಕುರ್ಚಿಯಲ್ಲಿ ಕೂತಳು. ಬಿದ್ದರೆ ಒಂಟಿಯಾಗುತ್ತಾಳೆ ಎಂದು ನೆಪ ಹೇಳಿಕೊಂಡು ತಾನೇ ಬೀಳಿಸಿದ್ದಳು, ತಾನೇ ಒಂಟಿ ಮಾಡಿದ್ದಳು. ಅಷ್ಟೂ ಸಾಲದೆಂಬಂತೆ ಚಪ್ಪಾಳೆಯನ್ನೂ ತಟ್ಟಿದ್ದಳು.

ಮರುದಿನ ಹಾಜರಿ ಕರೆಯುವ ಮೊದಲೇ ಹೆಡ್‌ಮಿಸ್ ಅವರನ್ನೂ ಕರೆತಂದು, ಮಕ್ಕಳನ್ನು ದುಂಡಗೆ ಕೂರಿಸಿದಳು. ತಾನೂ ನೆಲದ ಮೇಲೆ ಕೂತು ಕೈಯೆತ್ತಿದಳು.

“ನಾನೇ,” ಎಂದಳು. “ಗಡಿಬಿಡಿ ಮಾಡಿದ ಕಂಬ ತೆಗೆದು ಬೇರೆ ಇಟ್ಟಿದ್ದು ನಾನು. ಬಿದ್ದಿದ್ದು ನನ್ನ ಕಂಬ. ಅವಳು ನಿಜ ಹೇಳಿದಾಗ ನಾನು ಬಾಯಿ ಮುಚ್ಕೊಂಡಿದ್ದೆ.”

ಹೆಡ್‌ಮಿಸ್ ಮುಖ ಗಂಟಾಯಿತು. ಮಕ್ಕಳು ಮಾತ್ರ ಎಂದಿನಂತೆ ಜೋರಾಗಿ ತಟ್ಟಿದರು. ಅಷ್ಟಕ್ಕೇ ಮುಗಿದುಹೋಯಿತೇ ಎಂದು ಟೀಚರಿಗೆ ಭಯವಾಯಿತು. ತಟ್ಟದೆ ಕೂತಿದ್ದವಳು ಗಡಿಬಿಡಿ ಒಬ್ಬಳೇ. ಹುಬ್ಬು ಗಂಟಿಕ್ಕಿ ಏನೋ ಯೋಚಿಸುತ್ತಿದ್ದಳು.

“ಮಿಸ್, ಹಾಗಾದ್ರೆ ನಿನ್ನೆ ನಾನೇ ಅಂದಿದ್ದು ಸುಳ್ಳು ಅಲ್ವಾ?”

“ಹಾಗಲ್ಲ ಪುಟ್ಟಿ... ಯಾಕೆ ಹಾಗಂದೆ ನೀನು?”

“ಹಾಗಂದ್ರೆ ಎಲ್ರೂ ಮತ್ತೆ ಸೇರಿಸ್ಕೋತಾರಲ್ಲ, ಅದಕ್ಕೆ.” ಅವಳು ಸ್ವಲ್ಪ ಹೊತ್ತು ಬೆರಳು ಹಿಸುಕಿಕೊಂಡಳು. ಆಮೇಲೆ ಕೈಯೆತ್ತಿದಳು. “ನಾನೇ. ಸುಳ್ಳು ಹೇಳಿದ್ದು.”

ಮಕ್ಕಳ ಕೈಗಳು ಮತ್ತೆ ಮೇಲೆದ್ದವು.

“ಬೇಡ,” ಎಂದಳು ಟೀಚರ್. ಆ ಕ್ಲಾಸಿನಲ್ಲಿ ಅವಳ ಧ್ವನಿ ಅಷ್ಟು ಒರಟಾಗಿ ಎಂದೂ ಕೇಳಿರಲಿಲ್ಲ. “ಯಾರೂ ತಟ್ಟಬೇಡಿ. ಇದು ಅವಳ ತಪ್ಪಲ್ಲ. ಇದೂ ನಂದೇ.” ಮಕ್ಕಳ ಮುಂದೆ ಅಳಬಾರದೆಂದುಕೊಂಡೇ ಅತ್ತಳು.

ಏನು ಮಾಡಬೇಕೆಂದು ತಿಳಿಯದೆ ಮಕ್ಕಳು ಎತ್ತಿದ ಕೈ ಹಾಗೇ ಇಟ್ಟುಕೊಂಡು ಕೂತರು. ಕೊನೆಗೆ ಮೇಸ್ತ್ರಿಯೇ ಎದ್ದು, “ಆ ಕಂಬ ಎಲ್ಲಿದೆ ಮಿಸ್?” ಎಂದ.

ಟೀಚರ್ ಬೀರುವಿನಿಂದ ತೆಗೆದು ಗಡಿಬಿಡಿಯ ಕೈಗೆ ಕೊಟ್ಟಳು. ನಾಲ್ವರೂ ಮಂಡಿಯೂರಿ ಕೂತು, ಮುರಿದದ್ದನ್ನು ಸರಿಮಾಡಿ, ಹೊಟ್ಟೆ ಉಬ್ಬಿದ ಕಂಬವನ್ನು ನಡುವೆ ನಿಲ್ಲಿಸಿದರು. ಅವಳಿಗಳು ಎರಡೂ ಕಡೆ ಹಿಡಿದುಕೊಂಡರು, ಮೇಸ್ತ್ರಿ ಮರಳಿನ ಚೀಲ ಇಟ್ಟ. ಸೇತುವೆ ಸ್ವಲ್ಪ ವಾಲಿತು, ಕಿರ್ರೆಂದಿತು, ನಿಂತಿತು. ಕ್ಲಾಸೆಲ್ಲ ಕುತ್ತಿಗೆ ಚಾಚಿ ಅದನ್ನೇ ನೋಡುತ್ತಿತ್ತು.

ಗಡಿಬಿಡಿ ಮಾತ್ರ ಸೇತುವೆಯ ಕಡೆ ನೋಡಲಿಲ್ಲ. ಮಿಸ್ ಕೈ ಸೇತುವೆಯಿಂದ ಎಷ್ಟು ದೂರ ಇದೆ ಎಂದು ನೋಡುತ್ತಿದ್ದಳು.